‘ಬೇಡ’ ಎನ್ನುವ ತರಬೇತಿ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಪದಗಳೂ ಹೆಚ್ಚು ಗೊತ್ತಿಲ್ಲ. ಓದುವವರು ದಯವಿಟ್ಟು ಕ್ಷಮಿಸಬೇಕು. ಕನ್ನಡ ಬರೆಯಲು ಕಲಿತದ್ದು ಶನಿವಾರದ ಕ್ಲಾಸಿನಲ್ಲಿ. ಶಾಲೆ ಬಿಟ್ಟ ಮೇಲೆ ನನ್ನಲ್ಲಿ ಉಳಿದ ಓದು ಅದೊಂದೇ. ಇದು ನಾನು ಹೊಲಿಗೆ ಕಲಿಯುತ್ತಿರುವ ಜಲಜಾ ಆಂಟಿಯ ವಿಷಯ. ಅವರು ಹೇಳಿದ್ದನ್ನು, ಅವರ ಒಪ್ಪಿಗೆಯಿಂದಲೇ ಬರೆದಿದ್ದೇನೆ. ಬಹುವಚನ ಹಾಕಿದರೆ ತೀರಿಹೋದವರ ಬಗ್ಗೆ ಬರೆದ ಹಾಗಿರುತ್ತದೆ, ‘ಅವಳು’ ಎಂದೇ ಬರಿ ಎಂದರು. ಹಾಗೇ ಬರೆಯುತ್ತೇನೆ. ಇನ್ನು ನಾನು ನಡುವೆ ಬರುವುದಿಲ್ಲ.

ಬೂನ್ ಲೇಯ ಒಂದು ಬ್ಲಾಕಿನ ಮೇಲಿನ ಮಹಡಿಯಲ್ಲಿ ಜಲಜಾ ರವಿಕೆ ಹೊಲಿಯುತ್ತಾಳೆ. ಸಿಂಗಾಪುರದ ಕನ್ನಡದ ಹೆಂಗಸರಲ್ಲಿ ಅರ್ಧ ಜನರ ಸುತ್ತಳತೆ ಅವಳಿಗೆ ಬಾಯಿಪಾಠ. ಟೇಪು ಎಳೆಯುವಾಗ ಉಸಿರು ಬಿಗಿಹಿಡಿಯುವವರು, ‘ಹೋದ ವರ್ಷದ್ದೇ ಹಾಕ್ಬಿಡಿ’ ಎನ್ನುವವರು, ಆಮೇಲೆ ತೋಳು ಬಿಗಿಯಾಯಿತೆಂದು ಅವಳ ಕೈಯನ್ನೇ ದೂರುವವರು, ಎಲ್ಲರನ್ನೂ ಅವಳು ನೋಡಿದ್ದಾಳೆ. ಏನೂ ಅನ್ನುವುದಿಲ್ಲ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡವಳಿಗೆ ಮಾತಾಡದಿರಲು ಅದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ. ಆದರೆ ಪಿನ್ನಿನ ಹಿಂದೆ ಅವಳ ನಾಲಗೆ ಸುಮ್ಮನಿರುವುದಿಲ್ಲ.

ಊರು ನಂಜನಗೂಡಿನ ಹತ್ತಿರ. ಮದುವೆಯಾಗಿ ಇಲ್ಲಿಗೆ ಬಂದಳು. ಗಂಡ ಕೇಶವ ಸೆಲೆಟಾರಿನಲ್ಲಿ ವಿಮಾನದ ಎಂಜಿನ್ ಬಿಚ್ಚಿ ಜೋಡಿಸುವ ಎಂಜಿನಿಯರ್. ಮನೆಯಲ್ಲಿ ಮಾತ್ರ ಮಿಕ್ಸಿ ಕೆಟ್ಟರೆ ‘ಹೊಸದು ತಗೊಳ್ಳೇ’ ಎನ್ನುತ್ತಾನೆ. ಜಲಜಾ ಇಲ್ಲಿನ ಕನ್ನಡ ಸಂಘದ ರಾಜ್ಯೋತ್ಸವದ ನಾಟಕಗಳಲ್ಲಿ ಪಾತ್ರ ಮಾಡುತ್ತಾಳೆ. ಪಾತ್ರ ಯಾವಾಗಲೂ ಅಳುವ ತಾಯಿಯದು, ಏಕೆಂದರೆ ಅವಳಿಗೆ ಗ್ಲಿಸರಿನ್ ಇಲ್ಲದೆ ಕಣ್ಣೀರು ಬರುತ್ತದೆ. ಹೇಗೆ ಬರುತ್ತದೆ ಎಂದು ಯಾರೋ ಕೇಳಿದ್ದಕ್ಕೆ, ‘ಮುಂದೆ ಹೇಳ್ಬೇಕಾದ ಡೈಲಾಗ್ ನೆನೆಸ್ಕೋತೀನಿ, ತಾನಾಗಿ ಬರುತ್ತೆ’ ಎಂದಿದ್ದಳು. ಕೇಳಿದವರು ಅದನ್ನು ನಮ್ರತೆ ಎಂದುಕೊಂಡರು.

ಮಗ ಸಿದ್ಧಾಂತ್. ಬೆಡೋಕಿನಲ್ಲಿ ಗೆಳೆಯನ ರೂಮಿನಲ್ಲಿ ಐಸ್ ಎಂಬ ಹರಳಿನ ಹೊಗೆ ಎಳೆಯುವಾಗ ಸಿಕ್ಕಿಬಿದ್ದ. ಪುನರ್ವಸತಿ ಕೇಂದ್ರದಲ್ಲಿ ಇಟ್ಟರು. ಈಗ ಬಿಟ್ಟಿದ್ದಾರೆ, ಆದರೆ ನಿಗಾದಲ್ಲಿದ್ದಾನೆ. ಸೋಮವಾರ ಸೋಮವಾರ ಹೋಗಿ ಮೂತ್ರ ಪರೀಕ್ಷೆಗೆ ಕೊಟ್ಟು ಬರಬೇಕು. ಅದರಲ್ಲಿ ಏನಾದರೂ ಕಂಡರೆ ಮತ್ತೆ ಒಳಗೆ. ಸಂಘದವರಿಗೆಲ್ಲ ‘ಬೆಂಗಳೂರಲ್ಲಿ ಅಜ್ಜಿ ಮನೇಲಿದ್ದು ಒಂದು ಕೋರ್ಸ್ ಮಾಡ್ತಿದ್ದ’ ಎಂದು ಹೇಳಿಯಾಗಿತ್ತು. ಆ ಸುಳ್ಳನ್ನು ಜಲಜಾ ಎಷ್ಟು ಅಚ್ಚುಕಟ್ಟಾಗಿ ಹೊಲಿದಿದ್ದಳೆಂದರೆ ಒಂದು ಎಳೆಯೂ ಹೊರಗೆ ಕಾಣುತ್ತಿರಲಿಲ್ಲ.

ಬಂದ ದಿನವೇ ಸಿದ್ಧಾಂತ್ ಹೇಳಿದ್ದ: “ಅಮ್ಮ, ನಿನ್ನ ಆಂಟಿ ಗ್ಯಾಂಗ್‌ಗೆ ಗೊತ್ತಾದ್ರೆ ನಾನು ಈ ಮನೇಲಿರಲ್ಲ. ಎಲ್ಲಾದ್ರೂ ಶಿಫ್ಟ್ ಆಗ್ತೀನಿ.”

ಎಲ್ಲಾದರೂ ಎಂದರೆ ಎಲ್ಲಿಗೆ ಎಂದು ಅವಳು ಕೇಳಲಿಲ್ಲ. ಅವನಿಗೆ ರೂಮು ಕೊಡುವ ಜನ ಯಾರೆಂದು ಅವಳಿಗೆ ಗೊತ್ತಿತ್ತು. ಅಂದಿನಿಂದ ಅವಳಿಗೆ ಬದುಕಿನಲ್ಲಿ ಒಂದೇ ಕೆಲಸ: ಮಗ ಮನೆಯಲ್ಲಿರಬೇಕು, ಸೋಮವಾರದ ಪರೀಕ್ಷೆ ಸರಿಯಾಗಿ ಬರಬೇಕು.

ಹೀಗಿರುವಾಗ ಸಂಘದ ಉಪೇಂದ್ರ ಫೋನ್ ಮಾಡಿದರು.

ಉಪೇಂದ್ರ ಮೊದಲು ಬ್ಯಾಂಕಿನಲ್ಲಿದ್ದವರು. ಬ್ಯಾಂಕು ಅವರನ್ನು ಬಿಟ್ಟಿತು. ತಾನೇ ಬ್ಯಾಂಕನ್ನು ಬಿಟ್ಟೆ ಎಂದು ಅವರು ಹೇಳುತ್ತಾರೆ. ಈಗ ತರಬೇತುದಾರರು. ವಿಮೆ ಮಾರುವವರಿಗೆ ನಗುವುದನ್ನು ಕಲಿಸಿದರು, ಅಂಗಡಿಯವರಿಗೆ ಕೇಳಿಸಿಕೊಳ್ಳುವುದನ್ನು ಕಲಿಸಿದರು, ಆಫೀಸಿನವರಿಗೆ ಉಸಿರಾಡುವುದನ್ನೂ ಕಲಿಸಿದರು; ಅದುವರೆಗೆ ಆ ಜನ ಹೇಗೆ ಬದುಕಿದ್ದರೋ ದೇವರಿಗೇ ಗೊತ್ತು. ಈಗ ಒಂದು ಖಾಸಗಿ ಸಂಸ್ಥೆ ಅವರಿಗೆ ಹೊಸ ಕೆಲಸ ಕೊಟ್ಟಿತ್ತು: ಡ್ರಗ್ಸ್ ಕೇಸಿನಲ್ಲಿ ಕೋರ್ಟಿಗೆ ಬಂದವರ ಜೊತೆ ಕೆಲಸ ಮಾಡುವ ಕೌನ್ಸೆಲರುಗಳಿಗೆ, ಸ್ವಯಂಸೇವಕರಿಗೆ, ಅಧಿಕಾರಿಗಳಿಗೆ ತರಬೇತಿ. ಸ್ಲೈಡುಗಳು ಹಳೆಯವೇ. ಮೇಲಿನ ಹೆಸರು ಮಾತ್ರ ಬೇರೆ.

“ಜಲಜಾ, ನಮಗೆ ಒಬ್ಬ ಮದರ್ ಬೇಕು,” ಎಂದರು ಉಪೇಂದ್ರ. “ಅಡಿಕ್ಟ್ ಆಗಿರೋ ಹುಡುಗನ ತಾಯಿ. ರೋಲ್ ಪ್ಲೇ. ನೀವು ಬಂದು ಚೆನ್ನಾಗಿ ಅತ್ರೆ ಸಾಕು. ನಿಮ್ಮಂಥ ಫ್ಯಾಮಿಲಿಗೆ ಇದೆಲ್ಲ ಗೊತ್ತಿರಲ್ಲ, ಆದ್ರೂ ನೀವು ಆರ್ಟಿಸ್ಟ್ ಅಲ್ವಾ, ಇಮ್ಯಾಜಿನ್ ಮಾಡ್ಕೋಬಹುದು.”

“ಪ್ರಯತ್ನ ಮಾಡ್ತೀನಿ,” ಎಂದಳು ಜಲಜಾ.

ಒಲ್ಲೆ ಎಂದರೆ ಯಾಕೆ ಎನ್ನುತ್ತಾರೆ, ಅದೊಂದು ಕಾರಣ. ಇನ್ನೊಂದು, ನಾಳೆ ತನ್ನ ಮಗನ ಎದುರು ಕೂರುವ ಜನ ಎಲ್ಲಿ, ಏನು ಕಲಿತು ಬರುತ್ತಾರೆ ಎಂದು ಒಮ್ಮೆ ಕಣ್ಣಾರೆ ನೋಡಬೇಕೆನಿಸಿತು.

ನೋಡಿದಳು. ಜುರಾಂಗಿನ ಒಂದು ಆಫೀಸು ಕಟ್ಟಡದಲ್ಲಿ, ಮೀನು ಕೆಡದಷ್ಟು ತಣ್ಣಗಿದ್ದ ಕೋಣೆ. ‘ಎಥ್ನಿಕ್ ಫೀಲ್’ ಬೇಕೆಂದು ಉಪೇಂದ್ರ ಅವಳಿಗೆ ರೇಷ್ಮೆ ಸೀರೆ ಉಡಲು ಹೇಳಿದ್ದರು. ಮಗ ಜೈಲಿಗೆ ಹೋಗುತ್ತಾನೆ ಎಂದು ಕೇಳಿದ ತಾಯಿ ಮೊದಲು ಬೀರು ತೆಗೆದು ಮೈಸೂರು ರೇಷ್ಮೆ ಉಡುತ್ತಾಳೆ ಎಂಬುದು ಅವರ ತಿಳಿವಳಿಕೆ. ಕಲಿಯಲು ಬಂದವರು ಒಂದು ಡಜನ್ ಇದ್ದರು. ಅವರಲ್ಲಿ ಕನ್ನಡದವಳು ಒಬ್ಬಳೇ, ಆಶ್ರಿತಾ. ಇಲ್ಲೇ ಬೆಳೆದ ಹುಡುಗಿ, ಸ್ವಯಂಸೇವಕಿ. ಪಕ್ಕದಲ್ಲಿ ದಪ್ಪ ಕನ್ನಡಕದ ಚೀನೀ ತರುಣ, ಯಾವುದೋ ಇಲಾಖೆಯ ಅಧಿಕಾರಿ.

ಉಪೇಂದ್ರ ಮೊದಲು ಚಪ್ಪಾಳೆ ಕಲಿಸಿದರು. ಅಮೆರಿಕದಲ್ಲಿ ಡ್ರಗ್ ಕೋರ್ಟ್ ಎಂದೇ ಇದೆಯಂತೆ. ಅಲ್ಲಿ ಪರೀಕ್ಷೆ ಸರಿಯಾಗಿ ಬಂದವನಿಗೆ ನ್ಯಾಯಾಧೀಶರೇ ಚಪ್ಪಾಳೆ ತಟ್ಟುತ್ತಾರಂತೆ. ಅದಕ್ಕಾಗಿ ಇಲ್ಲಿ ಬಾಯಿ ತೆರೆದವರಿಗೆಲ್ಲ ಚಪ್ಪಾಳೆ. ಒಬ್ಬ ತನ್ನ ಹೆಸರು ಹೇಳಿದ, ಚಪ್ಪಾಳೆ. ಇನ್ನೊಬ್ಬಳು ಕಿಟಕಿಯ ಪರದೆ ಎಳೆದಳು, ಅದಕ್ಕೂ ಚಪ್ಪಾಳೆ ಬಿತ್ತು.

ಆಮೇಲಿನ ಪಾಠ ‘ಬೇಡ’ ಎನ್ನುವುದು. ಅಭ್ಯಾಸ ಬಿಟ್ಟವನಿಗೆ ಹಳೆಯ ಗೆಳೆಯರು ಒತ್ತಾಯ ಮಾಡುತ್ತಾರೆ, ಅವನಿಗೆ ನಿರಾಕರಿಸಲು ಕಲಿಸಬೇಕು ಎಂದರು ಉಪೇಂದ್ರ. ಕಣ್ಣಲ್ಲಿ ಕಣ್ಣಿಡು. ಕಾರಣ ಕೊಡಬೇಡ. ಕ್ಷಮೆ ಕೇಳಬೇಡ. ಒಂದೇ ಮಾತು, ಬೇಡ. ಹಾಗೆಯೇ, ಬೇಡ ಎಂದವನನ್ನು ಗೌರವಿಸುವುದು ನಾಗರಿಕತೆಯ ಮೊದಲ ಮೆಟ್ಟಿಲು ಎಂದು ಸ್ಲೈಡಿನಲ್ಲಿ ಒಂದು ಮೆಟ್ಟಿಲಿನ ಚಿತ್ರವನ್ನೂ ತೋರಿಸಿದರು.

ಜಲಜಾಳ ಸರದಿ ಬಂತು. ಆಶ್ರಿತಾ ಅವಳ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಹೇಳಿಕೊಟ್ಟಂತೆ ತಲೆಯನ್ನು ಒಂದು ಕಡೆ ವಾಲಿಸಿ, “ಆಂಟಿ, ಈಗ ನಿಮಗೆ ಹೇಗನ್ನಿಸ್ತಿದೆ?” ಎಂದು ಕೇಳಿದಳು.

ಜಲಜಾಗೆ ಏನಾಯಿತೋ, ಒಂದು ನಿಜ ಬಾಯಿಂದ ಜಾರಿತು. “ಅವನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡ್ರೆ ನಾನು ಹೊರಗಡೆ ನಿಂತ್ಕೊಂಡು ನಲ್ಲಿ ಶಬ್ದ ಕೇಳಿಸ್ಕೋತೀನಿ. ನೀರು ನಿಂತ್ರೆ ಅಡುಗೆಮನೆಗೆ ಓಡ್ತೀನಿ, ಅಲ್ಲೇ ಇದ್ದೆ ಅನ್ನೋ ಥರ.”

ಆಶ್ರಿತಾಳ ವಾಲಿದ ತಲೆ ನೆಟ್ಟಗಾಯಿತು. ಏನೋ ಕೇಳಲು ಬಾಯಿ ತೆರೆದಳು.

“ಸ್ಟಾಪ್, ಸ್ಟಾಪ್!” ಉಪೇಂದ್ರ ಕೈ ತಟ್ಟಿದರು. “ಜಲಜಾ, ಇದು ರಿಯಲಿಸ್ಟಿಕ್ ಆಗಿಲ್ಲ. ತಾಯಿ ಎಲ್ಲಾದ್ರೂ ನಲ್ಲಿ ಕಥೆ ಹೇಳ್ತಾಳಾ? ಎದೆ ಬಡ್ಕೊಳ್ಳಿ. ‘ನಾನೇನು ಪಾಪ ಮಾಡಿದ್ದೆ’ ಅನ್ನಿ. ನಿಮ್ಮ ಲೆವೆಲ್‌ಗೆ ಇದು ಏನೂ ಅಲ್ಲ.”

ಜಲಜಾ ಅವರನ್ನು ಅಳತೆ ತೆಗೆಯುವವಳ ಹಾಗೆ ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಎದೆ ಬಡಿದುಕೊಂಡಳು. ಪಾಪ ಮಾಡಿದ್ದೆ ಎಂದಳು. ಕೊನೆಗೆ ಕೇಳದೆಯೇ ಒಮ್ಮೆ ಮೂರ್ಛೆಯನ್ನೂ ಹೋದಳು. ಕೋಣೆಗೆ ಕೋಣೆಯೇ ಎದ್ದು ಚಪ್ಪಾಳೆ ತಟ್ಟಿತು. ಒಬ್ಬಾಕೆ ಕಣ್ಣೊರೆಸಿಕೊಂಡು “ಸೋ ಅಥೆಂಟಿಕ್” ಎಂದಳು. ನೆಲದ ಮೇಲೆ ಮಲಗಿದ್ದ ಜಲಜಾ ಕಣ್ಣು ಮುಚ್ಚಿಕೊಂಡೇ ಯೋಚಿಸಿದಳು: ದೇವರೇ, ಇವರ ಕೈಗೆ ಸಿಗುವ ಮೊದಲು ನನ್ನ ಮಗ ಉಷಾರಾಗಿಬಿಡಲಿ.

ಕೋರ್ಸು ಮುಗಿದ ಶನಿವಾರ, ಅಂದರೆ ನಿನ್ನೆ, ಉಪೇಂದ್ರ ತಮ್ಮ ಬೆಡೋಕಿನ ಕಾಂಡೋ ಫ್ಲಾಟಿನಲ್ಲಿ ಎಲ್ಲರಿಗೂ ಊಟ ಇಟ್ಟುಕೊಂಡಿದ್ದರು. ಜಲಜಾಳನ್ನು ಕುಟುಂಬ ಸಮೇತ ಕರೆದಿದ್ದರು. ಕೇಶವನಿಗೆ ಶಿಫ್ಟು. ಸಿದ್ಧಾಂತ್ ಬರುವುದಿಲ್ಲ ಎಂದ. ಜಲಜಾ ಬಿಡಲಿಲ್ಲ.

“ಒಂದು ಸಲ ಮುಖ ತೋರ್ಸಿ ಬಾರೋ. ನೀನು ಕಾಣಿಸ್ಕೊಂಡ್ರೆ ಜನ ಕೇಳೋದು ನಿಲ್ಲಿಸ್ತಾರೆ. ಅನ್ನ ತಿನ್ನು, ಬೆಂಗಳೂರಲ್ಲಿ ಟ್ರಾಫಿಕ್ ಜಾಸ್ತಿ ಅನ್ನು, ಎದ್ದು ಬಾ.”

“ಬೇಡಮ್ಮ.”

“ನನಗೋಸ್ಕರ.”

ನನಗೋಸ್ಕರ ಎಂದ ಮೇಲೆ ಅವನಿಗೆ ಬೇರೆ ದಾರಿ ಇರಲಿಲ್ಲ. ಬಿಳಿ ಶರ್ಟು ಹಾಕಿಕೊಂಡು ಬಂದ.

ಊಟ ಚೆನ್ನಾಗಿಯೇ ನಡೆಯಿತು. ಸಿದ್ಧಾಂತ್ ಟ್ರಾಫಿಕ್ ಜಾಸ್ತಿ ಎಂದ, ಎಲ್ಲರೂ ಹೌದು ಹೌದು ಎಂದರು. ಚಿತ್ರಾನ್ನ, ಕೋಸಂಬರಿ, ಹುಳಿ ಎಲ್ಲ ಆದ ಮೇಲೆ ಉಪೇಂದ್ರರ ಹೆಂಡತಿ ಸರೋಜಾ ಬೆಳ್ಳಿಯ ಲೋಟಗಳಿದ್ದ ದೊಡ್ಡ ತಟ್ಟೆ ಹಿಡಿದು ಬಂದಳು. ತಾನೇ ಹೊಲಿದ ರವಿಕೆಯನ್ನು ಜಲಜಾ ಗುರುತಿಸಿದಳು. ಸರೋಜಾ ಹೇಳಿದ ಅಳತೆಗಿಂತ ಗುಟ್ಟಾಗಿ ಎರಡಿಂಚು ಹೆಚ್ಚಿಗೆ ಬಿಟ್ಟು ಹೊಲಿದದ್ದು. ತಟ್ಟೆಯ ಹಿಂದೆಯೇ ಪರಿಮಳ ಬಂತು. ಹುರಿದ ಘಮ, ಕಾಯಿ, ಬೆಲ್ಲ, ಏಲಕ್ಕಿ. ನಂಜನಗೂಡಿನ ಕಡೆಯವಳಿಗೆ ಅದನ್ನು ನೋಡಿ ತಿಳಿಯಬೇಕಾಗಿಲ್ಲ.

ಗಸಗಸೆ ಪಾಯಸ.

ಆ ಕಡೆ ಹಬ್ಬದ ಊಟಕ್ಕೆ ಅದು ಕಿರೀಟ. ಆದರೆ ಗಸಗಸೆ ಅಫೀಮಿನ ಗಿಡದ ಬೀಜ. ಸಿಂಗಾಪುರಕ್ಕೆ ಅದನ್ನು ತರುವಂತಿಲ್ಲ. ಒಂದು ಲೋಟ ಕುಡಿದವನ ಮೂತ್ರದಲ್ಲಿ ಅಫೀಮಿನ ಅಂಶ ಕಾಣಬಹುದು ಎಂದು ಸಿದ್ಧಾಂತ್‌ನನ್ನು ಬಿಡುವಾಗಲೇ ಎಚ್ಚರಿಕೆ ಹೇಳಿದ್ದರು. ಪಾಯಸ ಕುಡಿದೆ ಸ್ವಾಮಿ ಎಂದರೆ ಸೋಮವಾರ ಯಾರು ನಂಬುತ್ತಾರೆ?

“ನಮ್ಮಮ್ಮ ಕಳಿಸಿದ್ದು ಕಣ್ರೀ,” ಎಂದು ಸರೋಜಾ ಜಲಜಾಳ ಕಿವಿಯಲ್ಲಿ ಹೆಮ್ಮೆಯಿಂದ ಪಿಸುಗುಟ್ಟಿದಳು. “ಚಟ್ನಿಪುಡಿ ಡಬ್ಬದ ತಳಕ್ಕೆ ಹಾಕಿ ಪ್ಯಾಕ್ ಮಾಡಿದ್ರು. ಏರ್‌ಪೋರ್ಟಲ್ಲಿ ಇವರೇ ಹಿಡ್ಕೊಂಡು ಬಂದ್ರು, ಎದೆ ಉಬ್ಬಿಸ್ಕೊಂಡು.”

ಡ್ರಗ್ಸ್ ಕೇಸಿನ ಕೌನ್ಸೆಲರುಗಳಿಗೆ ಪಾಠ ಹೇಳುವ ಮಹಾನುಭಾವರು ಎದೆ ಉಬ್ಬಿಸಿಕೊಂಡು ಹೊತ್ತು ತಂದ ಗಸಗಸೆ! ಜಲಜಾಗೆ ನಗು ಬರಬೇಕಿತ್ತು. ಆದರೆ ತಟ್ಟೆ ಸಿದ್ಧಾಂತ್‌ನ ಮುಂದೆ ನಿಂತಿತ್ತು.

“ಬೇಡ ಆಂಟಿ,” ಎಂದ ಸಿದ್ಧಾಂತ್.

“ಬೇಡ ಅಂದ್ರೆ ಏನೋ? ಪಾಯಸ ಬೇಡ ಅನ್ನೋ ಮಗುನ ನಾನು ನೋಡೇ ಇಲ್ಲ. ತಗೋ.”

“ಅವನಿಗೆ ಸಿಹಿ ಸೇರಲ್ಲ, ಇಲ್ಲಿ ಕೊಡಿ,” ಎಂದು ಜಲಜಾ ಆ ಲೋಟವನ್ನು ಕಸಿದುಕೊಂಡು ಒಂದೇ ಉಸಿರಿಗೆ ಕುಡಿದಳು. ಸರೋಜಾ ಇನ್ನೊಂದು ಲೋಟ ಎತ್ತಿದಳು. ಜಲಜಾ ಅದನ್ನೂ ಕುಡಿದಳು. ಸರೋಜಾ ತುಂಬುವುದು, ಜಲಜಾ ಖಾಲಿ ಮಾಡುವುದು. ಆಶ್ರಿತಾ ಬಾಯಿ ತೆರೆದು ನೋಡುತ್ತಿದ್ದಳು.

ಈಗ ಉಪೇಂದ್ರರೇ ಎದ್ದು ಬಂದರು. ಸಿದ್ಧಾಂತ್‌ನ ಭುಜದ ಮೇಲೆ ಕೈ ಹಾಕಿದರು. “ಏನಪ್ಪಾ, ನಮ್ಮನೇಲಿ ಬೇಡ ಅನ್ನೋದು ನಡಿಯಲ್ಲ. ಕುಡಿ, ಕುಡಿದು ಮನೆಗೆ ಹೋಗಿ ಮಲಗಿದ್ರೆ ನಾಳೆನೇ ಏಳೋದು! ಒಂದೇ ಒಂದು ಗುಟುಕು. ನನ್ನ ಮೇಲಾಣೆ.”

“ಅಂಕಲ್, ಹಿ ಡೋಂಟ್ ವಾಂಟ್ ಲಾ,” ಎಂದ ಕನ್ನಡಕದ ತರುಣ, ಇಲ್ಲಿನವರ ಇಂಗ್ಲಿಷಿನಲ್ಲಿ.

“ನೋ ನೋ, ದಿಸ್ ಈಸ್ ಅವರ್ ಕಲ್ಚರ್,” ಎಂದರು ಉಪೇಂದ್ರ. “ನಮ್ಮಲ್ಲಿ ಮೂರು ಸಲ ಬೇಡ ಅಂದ್ರೇನೇ ಬೇಕು ಅಂತ.” ಲೋಟವನ್ನು ಹುಡುಗನ ತುಟಿಯ ಹತ್ತಿರಕ್ಕೇ ತಂದರು.

ಜಲಜಾಗೆ ಒಂದೇ ದಾರಿ ಹೊಳೆಯಿತು. ಉಪೇಂದ್ರರ ಕ್ಲಾಸಿನಲ್ಲೇ ಚಪ್ಪಾಳೆ ಗಿಟ್ಟಿಸಿದ ದಾರಿ. ಎದೆಯ ಮೇಲೆ ಕೈ ಇಟ್ಟುಕೊಂಡು, ಯಾವ ಕಡೆ ಬಿದ್ದರೆ ಪಾಯಸದ ತಟ್ಟೆ ಉರುಳುತ್ತದೆ ಎಂದು ಓರೆಗಣ್ಣಿನಲ್ಲಿ ಅಂದಾಜು ಮಾಡಿದಳು. ಮೂರ್ಛೆ ಹೋಗಲು ಇನ್ನೇನು ಕಾಲು ಸಡಿಲ ಬಿಡಬೇಕು, ಅಷ್ಟರಲ್ಲಿ ಸಿದ್ಧಾಂತ್ ಎದ್ದು ನಿಂತ. ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

“ಅಂಕಲ್, ನಾನು ಬೆಂಗಳೂರಲ್ಲಿ ಇರ್ಲಿಲ್ಲ. ಐಸ್ ತಗೊಂಡು ಸಿಕ್ಕಿಬಿದ್ದು ರಿಹ್ಯಾಬ್‌ನಲ್ಲಿದ್ದೆ. ಸೋಮವಾರ ನಂಗೆ ಯೂರಿನ್ ಟೆಸ್ಟ್ ಇದೆ. ಇದು ಗಸಗಸೆ. ಕುಡಿದ್ರೆ ನಾನು ಮತ್ತೆ ಒಳಗೆ ಹೋಗ್ತೀನಿ. ಅದಕ್ಕೇ ಬೇಡ.”

ಕನ್ನಡದಲ್ಲಿ ಹೇಳಿ, ಆಮೇಲೆ ಮಿಕ್ಕವರಿಗೆ ಅರ್ಥವಾಗಲೆಂದು ಇಂಗ್ಲಿಷಿನಲ್ಲೂ ಹೇಳಿದ. ಹೊಲಿದದ್ದೆಲ್ಲ ಒಂದೇ ಎಳೆತಕ್ಕೆ ಬಿಚ್ಚಿಹೋಯಿತು ಎಂದುಕೊಂಡಳು ಜಲಜಾ. ಇವನು ಇನ್ನು ಮನೆಗೆ ಬರುವುದಿಲ್ಲ.

ಆಗ ಉಪೇಂದ್ರ ಏನು ಮಾಡಿದರು? ಲೋಟವನ್ನು ಮೇಜಿನ ಮೇಲಿಟ್ಟು, ಚಪ್ಪಾಳೆ ತಟ್ಟತೊಡಗಿದರು.

ಅಭ್ಯಾಸಬಲ. ತರಬೇತಿ ಪಡೆದವರೂ ಒಬ್ಬೊಬ್ಬರಾಗಿ ತಟ್ಟಿದರು. ಅಂಗೈಗೆ ಹುಳಿ ಮೆತ್ತಿಕೊಂಡಿದ್ದ ಒಬ್ಬಾತನೂ ತಟ್ಟಿದ. ಆಶ್ರಿತಾ ಮಾತ್ರ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಕನ್ನಡಕದ ತರುಣನೂ ತಟ್ಟಲಿಲ್ಲ. ತನ್ನ ಮುಂದಿದ್ದ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು, ತಳದಲ್ಲಿ ಕೂತ ಸಣ್ಣ ಕಾಳುಗಳನ್ನು ನೋಡುತ್ತ ಕೇಳಿದ: “ದಿಸ್ ಒನ್ ಪಾಪಿ ಸೀಡ್ ಆ?”

ಉಪೇಂದ್ರರ ಚಪ್ಪಾಳೆ ಗಾಳಿಯಲ್ಲೇ ನಿಂತಿತು. ಮುಖದ ಬಣ್ಣ ಪಾಯಸದ ಬಣ್ಣವಾಯಿತು. “ನೋ ನೋ. ಇದು... ಎಳ್ಳು. ವೈಟ್ ಸೆಸಮಿ. ಅಲ್ವೇನೇ?”

“ಎಳ್ಳಾ?” ಸರೋಜಾಗೆ ಎಲ್ಲಿಲ್ಲದ ಅವಮಾನವಾಯಿತು. “ಎಳ್ಳು ಹಾಕಿ ಪಾಯಸ ಮಾಡ್ತಾರೇನ್ರೀ ಯಾರಾದ್ರೂ? ನಮ್ಮಮ್ಮ ಅಷ್ಟು ದೂರದಿಂದ...”

“ಸರೋಜಾ! ಒಳಗೆ ತಗೊಂಡ್ಹೋಗು.”

ಒಳಗಿನ ಸಿಂಕಿನಲ್ಲಿ ಪಾಯಸ ಗಳಗಳನೆ ಹರಿದು ಹೋಗುವುದು ಎಲ್ಲರಿಗೂ ಕೇಳಿಸಿತು. ಸದ್ದು ಅಡಗಿಸಲೆಂದು ಸರೋಜಾ ನಲ್ಲಿಯನ್ನೂ ಬಿಟ್ಟಳು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಗಾದೆ ಮಾಡಿದವರು ಹಳಬರು. ಸಿಕ್ಕಿಬೀಳುವಾಗ ಅದನ್ನು ಸಿಂಕಿಗೆ ಸುರಿಯುತ್ತಾರೆ ಎಂಬುದನ್ನು ಅವರು ಸೇರಿಸಲಿಲ್ಲ.

ಜಲಜಾ ಚೀಲ ಎತ್ತಿಕೊಂಡಳು. ತಾಯಿ ಮಗ ಲಿಫ್ಟಿನ ಮುಂದೆ ನಿಂತಿದ್ದಾಗ ಉಪೇಂದ್ರ ಚಪ್ಪಲಿ ಅದಲುಬದಲು ಹಾಕಿಕೊಂಡು ಓಡಿಬಂದರು.

“ಜಲಜಾ, ಏನೂ ಯೋಚನೆ ಮಾಡ್ಬೇಡಿ. ಕಾನ್ಫಿಡೆನ್ಶಿಯಾಲಿಟಿ ನನ್ನ ಜವಾಬ್ದಾರಿ. ನಿಮ್ಮ ವಿಷಯ ನನ್ನ ಬಾಯಿಂದ ಆಚೆ ಹೋಗಲ್ಲ. ಹಾಗೇ... ಆ ಪಾಯಸದ ವಿಷಯಾನೂ...” ಎಂದು ನಿಲ್ಲಿಸಿ, ತಕ್ಷಣ ಹೊಸ ಉತ್ಸಾಹ ತಂದುಕೊಂಡರು. “ಇನ್ನೊಂದು ಐಡಿಯಾ ಬಂತು. ನೆಕ್ಸ್ಟ್ ಬ್ಯಾಚ್‌ಗೆ ನೀವಿಬ್ಬರೂ ಬನ್ನಿ. ರಿಯಲ್ ಮದರ್, ರಿಯಲ್ ಸನ್! ಏನು ಪವರ್‌ಫುಲ್ ಆಗಿರುತ್ತೆ! ಆ ನಲ್ಲಿ ಶಬ್ದದ್ದು ಹೇಳಿದ್ರಲ್ಲ, ಅದನ್ನೂ ಇಟ್ಕೊಳ್ಳೋಣ. ಈಗ ಅದು ರಿಯಲಿಸ್ಟಿಕ್ ಆಗುತ್ತೆ.”

ಲಿಫ್ಟ್ ಬಂತು. ಜಲಜಾ ಒಳಗೆ ಹೋಗಿ ತಿರುಗಿ ನಿಂತಳು. ಕಣ್ಣಲ್ಲಿ ಕಣ್ಣಿಟ್ಟಳು. ಕಾರಣ ಕೊಡಲಿಲ್ಲ, ಕ್ಷಮೆ ಕೇಳಲಿಲ್ಲ.

“ಬೇಡ,” ಎಂದಳು. ಬಾಗಿಲು ಮುಚ್ಚಿಕೊಂಡಿತು.

ಎಂಆರ್‌ಟಿ ರೈಲು ಹತ್ತಿದರು. ಬೆಡೋಕಿನಿಂದ ಬೂನ್ ಲೇ ಎಂದರೆ ದ್ವೀಪದ ಒಂದು ಅಂಚಿನಿಂದ ಇನ್ನೊಂದು ಅಂಚು. ಅವನು ಯಾವ ಸ್ಟೇಷನ್ನಿನಲ್ಲಿ ಇಳಿದುಬಿಡುತ್ತಾನೋ ಎಂದು ಪ್ರತಿ ಬಾಗಿಲು ತೆರೆದಾಗಲೂ ಜಲಜಾ ಅವನ ಅಂಗಿಯ ತುದಿಯನ್ನು ನೋಡುತ್ತಿದ್ದಳು.

“ಅಮ್ಮ,” ಎಂದ ಕೊನೆಗೆ, “ನೀನು ಎಷ್ಟು ಲೋಟ ಕುಡಿದೆ?”

“ನೆನಪಿಲ್ಲ ಕಣೋ. ಕೊಟ್ಟಷ್ಟೂ ಕುಡಿದೆ.”

“ಸೋಮವಾರ ನಿನ್ನ ಟೆಸ್ಟ್ ಮಾಡಿದ್ರೆ ಶೂರ್ ಫೇಲ್ ಲಾ.”

ಜಲಜಾ ಅವನ ಮುಖ ನೋಡಿದಳು. ನಗುತ್ತಿದ್ದ. “ಎಲ್ಲಾರ್ಗೂ ಗೊತ್ತಾಗೋಯ್ತಲ್ಲೋ. ನೀನು ಹೋಗ್ತೀನಿ ಅಂದಿದ್ದೆ.”

“ಅವ್ರಿಗೆ ಗೊತ್ತಾದ್ರೆ ಏನೋ ಆಗುತ್ತೆ ಅಂದ್ಕೊಂಡಿದ್ದೆ. ಚಪ್ಪಾಳೆ ತಟ್ಟಿದ್ರು, ಅಷ್ಟೇ. ಇಂಥವ್ರಿಗೆ ಹೆದರ್ಕೊಂಡು ನಾನ್ಯಾಕೆ ಮನೆ ಬಿಡ್ಲಿ? ಆದ್ರೆ ನೀನು ಬಾತ್‌ರೂಮ್ ಹೊರಗಡೆ ನಿಂತ್ಕೊಳ್ಳೋದು ನಿಲ್ಲಿಸು. ನಿನ್ನ ಕಾಲು ಬಾಗಿಲ ಕೆಳಗೆ ಕಾಣುತ್ತೆ.”

ಅವಳು ಏನೋ ಹೇಳಲು ಹೊರಟಳು. ಆದರೆ ಗಸಗಸೆ ತನ್ನ ಕೆಲಸ ಮಾಡಿತ್ತು. ಜುರಾಂಗ್ ದಾಟುವ ಮೊದಲೇ ಅವಳು ಮಗನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು, ಬಾಯಿ ತೆರೆದುಕೊಂಡು. ಯಾವ ನಾಟಕದ ತಾಯಿಯೂ ಹಾಗೆ ಮಲಗಿದ್ದಿಲ್ಲ. ಬೂನ್ ಲೇಯಲ್ಲಿ ಅವನೇ ಎಬ್ಬಿಸಿದ.

ಇವತ್ತು, ಭಾನುವಾರ, ರವಿಕೆಗೆ ಬಟ್ಟೆ ಕೊಡಬೇಕಿದ್ದ ಇಬ್ಬರು ‘ಅರ್ಜೆಂಟ್ ಏನಿಲ್ಲ, ಆಮೇಲೆ ನೋಡೋಣ’ ಎಂದು ಮೆಸೇಜ್ ಮಾಡಿದ್ದರು. ಗುಟ್ಟು ಕಾಪಾಡುವ ಜವಾಬ್ದಾರಿ ಹೊತ್ತವರು ಬಲು ಚುರುಕು. ಆಶ್ರಿತಾ ಮಾತ್ರ ಬಟ್ಟೆ ಹಿಡಿದು ಬಂದಳು. ಟೇಪು ಎಳೆಯುವಾಗ ಉಸಿರು ಬಿಗಿಹಿಡಿಯಲಿಲ್ಲ. “ಆಂಟಿ, ನಲ್ಲಿ ನೀರು ನಿಂತು ಅಡುಗೆಮನೆಗೆ ಓಡಿದ್ಮೇಲೆ ಏನ್ಮಾಡ್ತಿದ್ರಿ?” ಎಂದು ಕೇಳಿದಳು. ಜಲಜಾ ಬಾಯಿಂದ ಪಿನ್ನು ತೆಗೆದಿಟ್ಟು ಹೇಳಿದಳು.

ನಾಳೆ ಸೋಮವಾರ. ಸಿದ್ಧಾಂತ್ ಒಬ್ಬನೇ ಪರೀಕ್ಷೆಗೆ ಹೋಗುತ್ತಾನೆ. ಜಲಜಾ ಆಂಟಿ ಮನೆಯಲ್ಲೇ ಕೂತು ಆಶ್ರಿತಾಳ ರವಿಕೆ ಕತ್ತರಿಸುತ್ತಾರೆ. ನಾನು ಬೆಳಿಗ್ಗೆ ಹೋಗಿ ಅವರಿಗೆ ಇದನ್ನು ಓದಿ ಹೇಳುತ್ತೇನೆ, ಆಮೇಲೆ ಅವರ ಪಕ್ಕದಲ್ಲಿ ಕೂತು ಕಾಜ ಹೊಲಿಯುತ್ತೇನೆ.